ಹೂ ತೆಗೆಯುವಾಗ ದಾರ ಹರಿಯುವುದೇಕೆ, ಸೂಜಿ ಮುರಿಯುವುದೇಕೆ?

ಹೊಲಿಗೆ ಯಂತ್ರದ ಮೇಲೆ ಹೂ, ಬಳ್ಳಿ ತೆಗೆಯುವ ಕೆಲಸ ಈಗ ಹಳ್ಳಿಯ ಅನೇಕ ಮನೆಗಳಿಗೆ ಬಂದಿದೆ. ರವಿಕೆಯ ತೋಳು, ದಿಂಬಿನ ಚೀಲ, ಲಂಗದ ಅಂಚು ಇವುಗಳಿಗೆ ಹೂ ಹಾಕಿಕೊಟ್ಟು, ಬಿತ್ತನೆಗೂ ಸುಗ್ಗಿಗೂ ನಡುವೆ ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಮನೆಯ ಉಪ್ಪು ಎಣ್ಣೆಯ ಖರ್ಚನ್ನು ಹೆಣ್ಣುಮಕ್ಕಳು ತೂಗಿಸುತ್ತಿದ್ದಾರೆ. ಆದರೆ ದಾರ ಹರಿಯಿತು, ಸೂಜಿ ಮುರಿಯಿತು ಎಂದು ಕೆಲಸ ನಿಲ್ಲುವುದೂ ಅಷ್ಟೇ ಸಾಮಾನ್ಯ. ಆಗ ಯಂತ್ರ ಕೆಟ್ಟಿತೆಂದು ಬಸ್ಸಿನ ಮೇಲೆ ಹೇರಿಕೊಂಡು ಪೇಟೆಗೆ ಒಯ್ಯುವವರು ಮನೆಯ ಗಂಡಸರು. ಹೋಗಿಬರುವ ಖರ್ಚು, ರಿಪೇರಿಯ ಕೂಲಿ, ಒಂದು ದಿನದ ಹೊಲದ ಕೆಲಸ ಇಷ್ಟೂ ಹೋಗಿ, ಅಲ್ಲಿ ನಡೆಯುವುದು ಎಷ್ಟೋ ಸಲ ಒಂದು ಹೊಸ ಸೂಜಿ ಹಾಕಿ, ಒಳಗಿನ ನೂಲಿನ ಧೂಳು ತೆಗೆದು ಕಳಿಸುವುದಷ್ಟೆ. ಸೂಜಿಯ ಬೆಲೆಯಾದರೋ ಒಂದು ಲೋಟ ಚಹಾದಷ್ಟು. ಆದುದರಿಂದ ಈ ಪಾಠ ಹೆಂಗಸರಿಗೆ ಮಾತ್ರ ಎಂದು ರೈತ ಬಾಂಧವರು ಪುಟ ತಿರುವಬಾರದು.

ದಾರ ಹರಿದೊಡನೆ ಹೆಚ್ಚಿನವರ ಕೈ ಹೋಗುವುದು ಟೆನ್ಷನ್ ತಿರುಪಿನ ಕಡೆಗೆ. ಒಂದು ಸುತ್ತು ಬಿಗಿ, ಇಲ್ಲವೆ ಒಂದು ಸುತ್ತು ಸಡಿಲ. ಮತ್ತೆ ಹರಿದರೆ ಕೆಳಗಿನ ಬಾಬಿನ್ ಕೇಸಿನ ತಿರುಪು. ಹೀಗೆ ಸರಿಯಾಗಿದ್ದುದೂ ಕೆಟ್ಟು, ಮೂಲ ದೋಷ ಯಾವುದು, ನಾವು ಮಾಡಿದ ದೋಷ ಯಾವುದು ಎಂಬುದು ತಿಳಿಯದಂತಾಗುತ್ತದೆ. ಎಲೆ ಹಳದಿಯಾಯಿತೆಂದು ಬೇರು ನೋಡದೆ ಯೂರಿಯಾ ಎರಚುವಂಥ ಕೆಲಸವಿದು. ನಿನ್ನೆಯವರೆಗೆ ಚೆನ್ನಾಗಿ ಹೊಲಿಯುತ್ತಿದ್ದ ಯಂತ್ರದ ತಿರುಪು ರಾತ್ರೋರಾತ್ರಿ ತಾನಾಗಿ ತಿರುಗುವುದಿಲ್ಲ. ಅದನ್ನು ಮುಟ್ಟುವುದು ಕೊನೆಯಲ್ಲಿ.

ಮೊದಲು ಹೊಲಿಗೆ ಬೀಳುವ ಬಗೆಯನ್ನು ತಿಳಿಯಬೇಕು. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಯಂತ್ರದಿಂದ ಇಂದಿನ ಯಂತ್ರದವರೆಗೆ ಮೂಲ ಒಂದೇ. ಕೈಸೂಜಿಯ ಕಣ್ಣು ಹಿಂಬದಿಯಲ್ಲಿರುತ್ತದೆ. ಯಂತ್ರದ ಸೂಜಿಯ ಕಣ್ಣು ಚೂಪಾದ ತುದಿಯ ಹತ್ತಿರವೇ ಇರುತ್ತದೆ. ಸೂಜಿಯು ದಾರವನ್ನು ಬಟ್ಟೆಯ ಕೆಳಕ್ಕೆ ಒಯ್ದು ತುಸು ಮೇಲೆದ್ದಾಗ ಕಣ್ಣಿನ ಬಳಿ ದಾರವು ಸಣ್ಣ ಕುಣಿಕೆಯಾಗಿ ಉಬ್ಬುತ್ತದೆ. ಶಟಲಿನ ಕೊಕ್ಕೆ ಈ ಕುಣಿಕೆಯನ್ನು ಹಿಡಿದು ಬಾಬಿನ್ನಿನ ಸುತ್ತ ದಾಟಿಸಿಬಿಡುತ್ತದೆ. ಮುಂಭಾಗದಲ್ಲಿ ಮೇಲೆ ಕೆಳಗೆ ಆಡುವ ಲಿವರು ಉಳಿದ ದಾರವನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತದೆ.

ಈಗ ಲೆಕ್ಕ ನೋಡಿರಿ. ಬಾಬಿನ್ನಿನ ಸುತ್ತ ಹೋಗಿಬರಲು ದಾರ ಅಂಗುಲಗಟ್ಟಲೆ ಬೇಕು. ಆದರೆ ಒತ್ತಾಗಿ ಹೂ ತುಂಬುವಾಗ ಒಂದು ಹೊಲಿಗೆಯಲ್ಲಿ ಉಳಿಯುವ ದಾರ ಒಂದೆರಡು ರಾಗಿಕಾಳಿನಷ್ಟು. ಮಿಕ್ಕಿದ್ದೆಲ್ಲ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಎಂದರೆ ದಾರದ ಒಂದೇ ತುಣುಕು ಬಟ್ಟೆಯಲ್ಲಿ ನೆಲೆನಿಲ್ಲುವ ಮುಂಚೆ ಸೂಜಿಯ ಕಣ್ಣಿನಲ್ಲಿ ಹತ್ತಾರು ಸಲ ಏರಿ ಇಳಿದಿರುತ್ತದೆ. ರಾಟೆಯಿಲ್ಲದ ಬಾವಿಯ ಕಟ್ಟೆಗೆ ಹಗ್ಗ ಉಜ್ಜಿ ಸವೆಯುವುದು ನಿಮಗೆ ತಿಳಿದದ್ದೇ. ಸಾದಾ ಹೊಲಿಗೆ ಉದ್ದವಾದ್ದರಿಂದ ಅಲ್ಲಿ ಉಜ್ಜುವುದು ಕಡಿಮೆ. ಚಡ್ಡಿ ಚೀಲ ಹೊಲಿಯುವಾಗ ಏನೂ ತೊಂದರೆ ಕೊಡದ ಸೂಜಿ, ಹೂವಿನ ಕೆಲಸಕ್ಕೆ ಬಂದೊಡನೆ ದಾರವನ್ನು ಕೊಯ್ಯುವುದು ಈ ಕಾರಣದಿಂದ. ಯಂತ್ರ ಕೆಟ್ಟಿದೆ ಎಂದು ಜನ ತಪ್ಪು ತಿಳಿಯುವುದೂ ಇಲ್ಲಿಯೇ.

ಹರಿದ ತುದಿಯನ್ನು ಓದಿರಿ

ದಾರ ಹರಿದಾಗ ಆ ತುದಿಯನ್ನು ಕತ್ತರಿಸಿ ಬಿಸಾಡದೆ ಬೆಳಕಿಗೆ ಹಿಡಿದು ನೋಡಿರಿ. ತುದಿ ಹಲ್ಲುಜ್ಜಿದ ಬೇವಿನ ಕಡ್ಡಿಯಂತೆ ಎಳೆ ಎಳೆಯಾಗಿ ಬಿಚ್ಚಿದ್ದರೆ ದಾರ ಎಲ್ಲಿಯೋ ಉಜ್ಜಿ ಸವೆದಿದೆ ಎಂದರ್ಥ. ಸೂಜಿಯನ್ನು ಸಂಶಯಿಸಿರಿ. ಬ್ಲೇಡಿನಿಂದ ಕೊಯ್ದಂತೆ ಒಂದೇ ಸಮನಾಗಿದ್ದರೆ ಹರಿತವಾದ ಅಂಚು ತಗುಲಿದೆ: ಸೂಜಿ ಇಳಿಯುವ ತಗಡಿನ ತೂತಿನಲ್ಲಿ, ಇಲ್ಲವೆ ಶಟಲಿನ ಕೊಕ್ಕೆಯ ಮೇಲೆ ಗೀರು ಬಿದ್ದಿರಬಹುದು. ದಾರ ಸೂಜಿಯ ಬಳಿ ಹರಿಯದೆ ಮೇಲೆ ಟೆನ್ಷನ್ ತಟ್ಟೆಗಳ ಹತ್ತಿರವೋ ರೀಲಿನ ಹತ್ತಿರವೋ ಹರಿದರೆ, ರೀಲಿನ ಕಚ್ಚಿಗೆ ದಾರ ಸಿಕ್ಕಿಕೊಂಡಿದೆ, ತಟ್ಟೆಗಳ ನಡುವೆ ಗಂಟು ಸೇರಿದೆ, ಅಥವಾ ಬಿಗಿ ನಿಜವಾಗಿಯೂ ಹೆಚ್ಚಾಗಿದೆ. ಕಿಟಕಿಯ ಬಿಸಿಲಿಗೆ ಬಿದ್ದು ಹಳತಾದ ದಾರವೂ ಉಂಟು. ಒಂದು ಮೊಳ ಬಿಚ್ಚಿ ಎರಡು ಕೈಯಿಂದ ಎಳೆದು ನೋಡಿದರೆ ಅದರ ಶಕ್ತಿ ಗೊತ್ತಾಗುತ್ತದೆ. ಪುಕ್ಕಟೆಗೆ ಸಮೀಪದ ಬೆಲೆಗೆ ಸಂತೆಯಲ್ಲಿ ಸಿಕ್ಕ ರೀಲಿನಿಂದ ಮದುವೆ ರವಿಕೆಗೆ ಹೂ ಹಾಕಲು ಹೋಗುವುದು ನನಗಂತೂ ಸರಿಕಾಣದು.

ಸೂಜಿ

ಯಂತ್ರದ ಸೂಜಿಯ ಕಾಂಡದಲ್ಲಿ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ದುಂಡು. ದುಂಡು ಬದಿಯಲ್ಲಿ ಕಣ್ಣಿನವರೆಗೂ ಒಂದು ಉದ್ದನೆಯ ಗೀರುಗಾಲುವೆ ಇರುತ್ತದೆ. ಉಗುರಾಡಿಸಿದರೆ ತಿಳಿಯುತ್ತದೆ. ಸೂಜಿ ಬಟ್ಟೆಯೊಳಗೆ ಇಳಿಯುವಾಗ ದಾರ ಈ ಕಾಲುವೆಯಲ್ಲಿ ಅಡಗಿ ಉಜ್ಜದೆ ಪಾರಾಗುತ್ತದೆ. ಆದುದರಿಂದ ದಾರವನ್ನು ಯಾವಾಗಲೂ ಕಾಲುವೆಯ ಕಡೆಯಿಂದಲೇ ಪೋಣಿಸಬೇಕು. ಬಾಬಿನ್ ಕೇಸನ್ನು ಎಡಗಡೆಯಿಂದ ಹಾಕುವ ಕಾಲ್ತುಳಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಸೂಜಿಯ ಚಪ್ಪಟೆ ಬದಿ ಎಡಕ್ಕೆ, ದಾರ ಬಲದಿಂದ ಎಡಕ್ಕೆ. ತಿರುಗುಮುರುಗಾದರೆ ಕೊಕ್ಕೆಗೆ ಕುಣಿಕೆ ಸಿಗದೆ ಹೊಲಿಗೆ ತಪ್ಪುತ್ತದೆ, ದಾರವೂ ಹರಿಯುತ್ತದೆ. ಸೂಜಿಯನ್ನು ತಾಗುವವರೆಗೆ ಮೇಲಕ್ಕೆ ತಳ್ಳಿ ತಿರುಪನ್ನು ಭದ್ರಮಾಡುವುದನ್ನು ಮರೆಯಬೇಡಿರಿ.

ಪೊಟ್ಟಣದ ಮೇಲೆ 75/11, 90/14, 100/16 ಎಂದು ಬರೆದಿರುತ್ತದೆ. 90 ಎಂದರೆ ಸೂಜಿಯ ದಪ್ಪ ಮಿಲಿಮೀಟರಿನ ನೂರರಲ್ಲಿ ತೊಂಬತ್ತು ಪಾಲು. 14 ಎಂಬುದು ಅದಕ್ಕೇ ಅಂಗಡಿಯವರು ಹೇಳುವ ನಂಬರು. ತೆಳು ಬಟ್ಟೆ, ನಯವಾದ ದಾರಕ್ಕೆ 11 ನಂಬರು ಸಾಕು. ದಾರ ಬಿಚ್ಚಿಕೊಳ್ಳುತ್ತಿದ್ದರೆ 14ಕ್ಕೆ ಹೋಗಿರಿ. ಸೂಜಿಗೂ ದಾರಕ್ಕೂ ಹೊಂದುತ್ತದೆಯೇ ಎಂದು ನೋಡಲು ಸುಲಭ ಉಪಾಯವಿದೆ. ಯಂತ್ರಕ್ಕೆ ಹಾಕುವ ಮುನ್ನವೇ ಸೂಜಿಗೆ ಒಂದು ಗೇಣು ದಾರ ಪೋಣಿಸಿ, ದಾರವನ್ನು ಎರಡು ತುದಿ ಹಿಡಿದು ಓರೆಯಾಗಿ ಬಿಗಿಯಿರಿ. ಸೂಜಿ ತನ್ನ ಭಾರಕ್ಕೆ ಜಾರಿ ಇಳಿದರೆ ಸರಿ. ನಡುವೆ ನಿಂತರೆ ಕಣ್ಣು ಚಿಕ್ಕದಾಯಿತು.

ಕುಡುಗೋಲನ್ನು ವಾರಕ್ಕೊಮ್ಮೆ ಮಸೆಯುವ ನಾವು ಸೂಜಿ ಮುರಿಯುವವರೆಗೂ ಅದನ್ನು ಬದಲಿಸುವುದಿಲ್ಲ. ಮೊಂಡಾದ ಸೂಜಿ ಬಟ್ಟೆಯನ್ನು ಚುಚ್ಚುವಾಗ ಟಪ್ ಟಪ್ ಎಂದು ಸದ್ದಾಗುತ್ತದೆ. ಬಾಗಿದೆಯೇ ಎಂದು ನೋಡಲು ಚಪ್ಪಟೆ ಬದಿ ಕೆಳಗಾಗಿ ಕನ್ನಡಿಯ ಮೇಲಿಡಿರಿ. ಕನ್ನಡಿಗೂ ಸೂಜಿಗೂ ನಡುವಿನ ಸಂದು ತುದಿಯವರೆಗೆ ಒಂದೇ ಸಮನಾಗಿರಬೇಕು.

ಹೂವಿನ ಕೆಲಸದ ಗುಟ್ಟು

ಹೂ ತೆಗೆಯುವಾಗ ಬಟ್ಟೆ ಒತ್ತುವ ಪಾದವನ್ನು ಬಿಚ್ಚಿ, ಬಟ್ಟೆಯನ್ನು ಮುಂದೂಡುವ ಹಲ್ಲುಗಳನ್ನು ಇಳಿಸಿ ಅಥವಾ ತಗಡಿನಿಂದ ಮುಚ್ಚಿ, ರಿಂಗಿಗೆ ಬಿಗಿದ ಬಟ್ಟೆಯನ್ನು ಕೈಯಿಂದಲೇ ನಡೆಸುತ್ತೇವೆ. (ಈ ಕೆಲಸಕ್ಕೂ ಕಸೂತಿ ಎನ್ನುವ ರೂಢಿ ಬಂದಿದೆ. ಧಾರವಾಡ ಸೀಮೆಯ ನಿಜವಾದ ಕಸೂತಿ ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ ಕೈಯಿಂದ ಮಾಡುವಂಥದು. ಅದು ಬೇರೆಯೇ ವಿದ್ಯೆ.) ಪಾದವೇ ಇಲ್ಲವಲ್ಲ ಎಂದು ಅದರ ಹಿಂದಿನ ಎತ್ತುವ ಹಿಡಿಯನ್ನು ಮೇಲೆಯೇ ಬಿಡುವವರು ಬಹಳ. ಆ ಹಿಡಿ ಮೇಲಿದ್ದಾಗ ಟೆನ್ಷನ್ ತಟ್ಟೆಗಳು ಬಿಟ್ಟುಕೊಂಡಿರುತ್ತವೆ. ದಾರಕ್ಕೆ ಹಿಡಿತವಿಲ್ಲದೆ ಬಟ್ಟೆಯ ಕೆಳಗೆ ಹಕ್ಕಿಗೂಡಿನಂತೆ ಗುಂಜು ಸೇರಿ, ಯಂತ್ರ ಬಿಗಿದುಕೊಂಡು, ದಾರ ಹರಿಯುತ್ತದೆ. ಪಾದ ಇಲ್ಲದಿದ್ದರೂ ಹಿಡಿಯನ್ನು ಇಳಿಸಲೇಬೇಕು. ಕೆಳಗೆ ಗುಂಜು ಕಂಡರೆ ಹೆಚ್ಚಾಗಿ ದೋಷ ಮೇಲಿನ ದಾರದ್ದೇ ಎಂದು ನೆನಪಿರಲಿ.

ರಿಂಗಿನಲ್ಲಿ ಬಟ್ಟೆ ತಮಟೆಯಂತೆ ಬಿಗಿಯಾಗಿರಬೇಕು. ಸಡಿಲವಿದ್ದರೆ ಸೂಜಿ ಮೇಲೇಳುವಾಗ ಬಟ್ಟೆಯೂ ಅದರೊಡನೆ ಏಳುತ್ತದೆ, ಕುಣಿಕೆ ಸರಿಯಾಗಿ ಉಬ್ಬುವುದಿಲ್ಲ. ತೆಳ್ಳನೆಯ ಹತ್ತಿಬಟ್ಟೆಗೆ ತುಸು ಗಂಜಿ ಹಾಕಿ ಇಸ್ತ್ರಿ ಮಾಡಿಕೊಂಡರೆ ಅನುಕೂಲ. ಕೆಲಸ ಆರಂಭಿಸುವಾಗ ಮೇಲಿನ ಕೆಳಗಿನ ಎರಡೂ ದಾರದ ತುದಿಗಳನ್ನು ಬೆರಳಲ್ಲಿ ಹಿಡಿದು ಮೊದಲ ಮೂರು ನಾಲ್ಕು ಹೊಲಿಗೆ ಹಾಕಬೇಕು. ಹೊಸದಾಗಿ ಕಲಿಯುವವರು ತುಳಿಯುವಾಗ ಚಕ್ರ ಹಿಂದುಮುಂದಾಗಿ ತಿರುಗಿದರೂ ದಾರ ಹರಿಯುವುದುಂಟು. ಕೈಚಕ್ರದ ಮೇಲಂಚು ನಮ್ಮ ಕಡೆಗೆ ತಿರುಗಬೇಕು.

ಬಾಬಿನ್ ದಾರ ಪದೇ ಪದೇ ಹರಿದರೆ ಬಾಬಿನ್ ಅತಿಯಾಗಿ ತುಂಬಿದೆಯೇ, ಅಡ್ಡಾದಿಡ್ಡಿ ಸುತ್ತಿದೆಯೇ ನೋಡಿರಿ. ಕೇಸಿನ ಸಣ್ಣ ಪಟ್ಟಿಯ ಕೆಳಗೆ ನೂಲಿನ ಧೂಳು ಕೂತಿದ್ದರೆ ಸೂಜಿಯ ತುದಿಯಿಂದ ಮೆಲ್ಲನೆ ಕೆದಕಿ ತೆಗೆಯಿರಿ. ಶಟಲಿನ ಮನೆಯನ್ನು ಬ್ರಷ್‌ನಿಂದ ಗುಡಿಸಿ ಎರಡು ಹನಿ ಯಂತ್ರದ ಎಣ್ಣೆ ಬಿಡಿರಿ. ಅಡಿಗೆಮನೆಯ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಸರ್ವಥಾ ಬೇಡ. ಅವು ಕ್ರಮೇಣ ಅಂಟಾಗಿ ಧೂಳನ್ನು ಹಿಡಿಯುತ್ತವೆ; ಕೊಬ್ಬರಿ ಎಣ್ಣೆಯಂತೂ ಚಳಿಗೆ ಗಟ್ಟಿಯಾಗುತ್ತದೆ. ಮೋಟಾರು ಕೂಡಿಸಿದ ಯಂತ್ರವಾದರೆ ಇದಕ್ಕೆಲ್ಲ ಕೈಹಾಕುವ ಮೊದಲು ಪ್ಲಗ್ಗನ್ನು ಕಿತ್ತಿಡಿರಿ.

ಜರಿದಾರದ ಗೋಳು ಬೇರೆಯೇ. ಒಳಗಿನ ಎಳೆಯ ಮೇಲೆ ಸುತ್ತಿದ ತೆಳು ಪಟ್ಟಿ ಕಣ್ಣಿನಲ್ಲಿ ಉಜ್ಜಿ ಬಿಚ್ಚಿಕೊಳ್ಳುತ್ತದೆ. 14 ಅಥವಾ 16ರ ಸೂಜಿ, ಸಡಿಲ ಟೆನ್ಷನ್, ನಿಧಾನದ ತುಳಿತ ಇಷ್ಟು ಮಾಡಿಯೂ ನಿಲ್ಲದಿದ್ದರೆ ಜರಿಯನ್ನು ಬಾಬಿನ್ನಿಗೆ ಸುತ್ತಿ, ಮೇಲೆ ಸಾದಾ ದಾರ ಹಾಕಿ, ಬಟ್ಟೆಯನ್ನು ಮಗುಚಿ ಹಿಂಬದಿಯಿಂದ ಹೂ ತೆಗೆಯಿರಿ. ಬಾಬಿನ್ ದಾರ ಸೂಜಿಯ ಕಣ್ಣಿಗೆ ಹೋಗುವುದೇ ಇಲ್ಲ, ಸವೆಯುವ ಮಾತೂ ಇಲ್ಲ. ಬಾಬಿನ್ ಕೇಸಿನ ತಿರುಪನ್ನು ಸಡಿಲಿಸುವ ಸಂದರ್ಭ ಬಂದರೆ ಅದು ಇಲ್ಲಿಯೇ. ಅದಕ್ಕೆಂದು ಬೇರೊಂದು ಕೇಸನ್ನು ಇಟ್ಟುಕೊಂಡರೆ ಒಳ್ಳೆಯದು.

ಸೂಜಿ ಮುರಿದರೆ

ದಾರ ಹರಿಯುವುದಕ್ಕೆ ಕಾರಣ ಹಲವಾದರೆ, ಸೂಜಿ ಮುರಿಯುವುದಕ್ಕೆ ಬಹುಪಾಲು ಒಂದೇ: ಸೂಜಿ ಬಟ್ಟೆಯೊಳಗಿರುವಾಗಲೇ ರಿಂಗನ್ನು ಎಳೆಯುವುದು. ಸೂಜಿ ಬಾಗಿ, ತೂತಿಗೆ ಇಳಿಯದೆ ತಗಡಿಗೆ ಬಡಿದು ಮುರಿಯುತ್ತದೆ. ಸೂಜಿ ಮೇಲಿದ್ದಾಗ ಮಾತ್ರ ರಿಂಗು ಚಲಿಸಬೇಕು. ಕಾಲಿನ ವೇಗಕ್ಕೆ ಕೈ ಹೊಂದಿಕೊಳ್ಳಲು ಅಭ್ಯಾಸ ಬೇಕು. ಬಾಬಿನ್ ಕೇಸು ಟಕ್ ಎಂದು ಕೂರದಿದ್ದರೂ ಸೂಜಿ ಅದಕ್ಕೆ ತಾಗಿ ಮುರಿಯುತ್ತದೆ. ಹೊಸ ಸೂಜಿ ಹಾಕಿದೊಡನೆ ತುಳಿಯದೆ, ಕೈಚಕ್ರವನ್ನು ಒಂದು ಸುತ್ತು ಮೆಲ್ಲಗೆ ತಿರುಗಿಸಿ ಎಲ್ಲಿಯೂ ತಾಗುವುದಿಲ್ಲವೆಂದು ನೋಡಿಕೊಳ್ಳಿರಿ. ಹಿಂದೆ ಸೂಜಿ ಬಡಿದ ತಗಡಿನ ತೂತಿನಲ್ಲಿ ಗೀರಿದ್ದರೆ ಅತಿ ನಯವಾದ ಎಮರಿ ಕಾಗದವನ್ನು ಎಳೆಯಂತೆ ಹೊಸೆದು ತೂತಿನಲ್ಲಿ ಎಳೆದಾಡಿ ನುಣುಪು ಮಾಡಬಹುದು. ಗೀರು ಆಳವಾಗಿದ್ದರೆ ತಗಡನ್ನೇ ಬದಲಿಸಬೇಕು.

ಮುರಿದ ಚೂರುಗಳ ವಿಷಯ ಮಾತ್ರ ಹಗುರವಾಗಿ ಎಣಿಸತಕ್ಕದ್ದಲ್ಲ. ನಮ್ಮ ಮನೆಗಳಲ್ಲಿ ಯಂತ್ರ ಇರುವುದು ಬೆಳಕು ಬರುವ ಪಡಸಾಲೆಯಲ್ಲಿ. ಕೊಟ್ಟಿಗೆ ಅದಕ್ಕೆ ಹತ್ತಿರ. ಚೂರು ಕಸದೊಡನೆ ಸೇರಿ ಹುಲ್ಲಿನ ಬಳಿಗೋ ತಿಪ್ಪೆಗೋ ಹೋಗುತ್ತದೆ. ದನ ಮೇವನ್ನು ಆರಿಸಿ ತಿನ್ನುವ ಪ್ರಾಣಿಯಲ್ಲ. ಗಬಗಬನೆ ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ಮೇವಿನೊಡನೆ ನುಂಗಿದ ಕಬ್ಬಿಣ ಜೇನುಹುಟ್ಟಿನಂತೆ ಮನೆ ಮನೆಯಾಗಿ ಕಾಣುವ ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆ ಹಿಸುಕಿದಂತೆಲ್ಲ ಸೂಜಿ ಅದರ ಗೋಡೆಯನ್ನು ಚುಚ್ಚಿ ಮುಂದಕ್ಕೆ ನುಗ್ಗಬಹುದು. ಮುಂದೆ ಒಂದು ತೆಳು ಪರದೆ ದಾಟಿದರೆ ಗುಂಡಿಗೆ. ಹಾಲು ಕರೆಯುವ ಹಸು ಒಮ್ಮೆಲೇ ಮೇವು ಬಿಟ್ಟು, ಹಾಲು ಇಳಿಸಿ, ಬೆನ್ನು ಬಿಲ್ಲಿನಂತೆ ಬಾಗಿಸಿ, ಮೊಣಕೈ ಹೊರಚಾಚಿ ನಿಂತು, ಇಳಿಜಾರಿನಲ್ಲಿ ನಡೆಯಲು ಹಿಂಜರಿದು ನರಳಿದರೆ ಅದು ಬರಿಯ ಅಜೀರ್ಣ ಅಲ್ಲದಿರಬಹುದು. ಗಂಗೆದೊಗಲಿನಲ್ಲಿ ಬಾವು ಕಾಣುವ ವೇಳೆಗೆ ಬಹಳ ತಡವಾಗಿರುತ್ತದೆ.

ಆದುದರಿಂದ ಸೂಜಿ ಮುರಿದಾಗ ಯಂತ್ರವನ್ನು ಅಲ್ಲಿಗೇ ನಿಲ್ಲಿಸಿ, ಚೂರುಗಳನ್ನು ಜೋಡಿಸಿ ಹೊಸ ಸೂಜಿಯ ಪಕ್ಕದಲ್ಲಿಟ್ಟು ಉದ್ದ ಸರಿಹೋಗುವುದೇ ನೋಡಿರಿ. ತುದಿ ಸಿಗದಿದ್ದರೆ ಬಟ್ಟೆಯ ಮಡಿಕೆ, ಶಟಲಿನ ಮನೆ, ನೆಲ ಎಲ್ಲವನ್ನೂ ಹುಡುಕಬೇಕು. ಹಳೆಯ ಸ್ಪೀಕರಿನಲ್ಲಿ ಸಿಗುವ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ನೆಲದ ಮೇಲೆ ಆಡಿಸಿದರೆ ಚೂರು ಅಂಟಿಕೊಂಡು ಬರುತ್ತದೆ. ಮುರಿದವನ್ನೂ ಮೊಂಡಾದವನ್ನೂ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕುತ್ತ ಬನ್ನಿ. ತುಂಬಿದ ಡಬ್ಬಿ ತಿಪ್ಪೆಗೆ ಬೀಳದಿರಲಿ. ಮೇಲೆ ಹೇಳಿದ ಲಕ್ಷಣಗಳು ಹಸುವಿನಲ್ಲಿ ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಪಶುವೈದ್ಯರನ್ನು ಕರೆಯಿಸಿ, ಮನೆಯಲ್ಲಿ ಹೊಲಿಗೆ ಯಂತ್ರವಿದೆ ಎಂಬ ಸಂಗತಿಯನ್ನು ಅವರು ಕೇಳುವ ಮೊದಲೇ ಹೇಳಿರಿ.