ನಮ್ಮ ನಂತರ ಇವನ ಗತಿಯೇನು?

ಬುದ್ಧಿ ಬೆಳವಣಿಗೆ ಕುಂಠಿತವಾದ ಮಗನೋ ಮಗಳೋ ಇರುವ ತಂದೆತಾಯಿಗಳು ವೈದ್ಯರೆದುರು ಕೊನೆಗೆ ಕೇಳುವ ಪ್ರಶ್ನೆ ಇದು. ಔಷಧದ ಚೀಟಿಯಲ್ಲಿ ಇದಕ್ಕೆ ಉತ್ತರವಿಲ್ಲ. ಆದರೂ ಇದು ಆರೋಗ್ಯದ ಪ್ರಶ್ನೆಯೇ. ಅಮೆರಿಕದಲ್ಲಿ 1983ರಲ್ಲಿ ಡೌನ್ ಸಿಂಡ್ರೋಮ್ ಇದ್ದವರ ಸರಾಸರಿ ಆಯುಷ್ಯ ಸುಮಾರು 25 ವರ್ಷವಿತ್ತು. ಈಗ ಅದು 60ರ ಆಸುಪಾಸಿಗೆ ಏರಿದೆ. ಇಂತಹ ಮಕ್ಕಳು ತಂದೆತಾಯಿಗಳ ನಂತರವೂ ಬಹುಕಾಲ ಬಾಳಬಲ್ಲರು. ಅದಕ್ಕೆ ಸಿದ್ಧತೆ ಇಂದೇ ಆಗಬೇಕು.

ಮೊದಲು ಖರ್ಚಿನ ಲೆಕ್ಕ

ಮಗುವಿನ ಊಟ, ಬಟ್ಟೆ, ಔಷಧ, ನೋಡಿಕೊಳ್ಳುವವರ ಸಂಬಳ ಎಲ್ಲವನ್ನೂ ಪ್ರತ್ಯೇಕವಾಗಿ ಬರೆಯಿರಿ. ಇಂದು ತಿಂಗಳಿಗೆ 10,000 ರೂಪಾಯಿ ಬೇಕೆನ್ನಿ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ 12 ವರ್ಷಗಳಲ್ಲಿ ಅದು 20,000, 24 ವರ್ಷಗಳಲ್ಲಿ 40,000 ಆಗುತ್ತದೆ. ಆದ್ದರಿಂದ ಠೇವಣಿಯ ಬಡ್ಡಿಯನ್ನೆಲ್ಲ ಖರ್ಚು ಮಾಡದೆ ಒಂದು ಪಾಲನ್ನು ಅಸಲಿಗೆ ಸೇರಿಸುತ್ತಿರಬೇಕು.

ಹದಿನೆಂಟು ತುಂಬಿದ ಮೇಲೆ

ಕಾನೂನಿನ ಕಣ್ಣಿಗೆ ಆಗ ನಿಮ್ಮ ಮಗು ವಯಸ್ಕ. ಹೆತ್ತವರೆಂಬ ಕಾರಣಕ್ಕೇ ಅವರ ಪರವಾಗಿ ನೀವು ಸಹಿ ಹಾಕಲಾಗದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ಅಂಗವಿಕಲತೆ ಇದ್ದವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಕಾನೂನುಬದ್ಧ ಪಾಲಕರನ್ನು ನೇಮಿಸಬಹುದು. ಇದಕ್ಕೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ಇದೇ ನ್ಯಾಸದ 'ನಿರಾಮಯ' ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿಯವರೆಗಿನದು. ಅದನ್ನೂ ವಿಚಾರಿಸಿ.

ಆಸ್ತಿ ಯಾರ ಹೆಸರಿಗೆ?

"ಎಲ್ಲ ಅಣ್ಣನ ಹೆಸರಿಗೆ ಬರೆದರಾಯಿತು, ಅವನು ನೋಡಿಕೊಳ್ಳುತ್ತಾನೆ" ಎಂಬ ಬಾಯಿಮಾತು ಸಾಲದು. ಅಣ್ಣನಿಗೆ ಸಾಲವಾಗಬಹುದು, ಅವನೇ ಮೊದಲು ತೀರಿಕೊಳ್ಳಬಹುದು. ಅಂಗವೈಕಲ್ಯದ ಕಾರಣಕ್ಕೆ ಪಾಲು ತಪ್ಪುವುದಿಲ್ಲ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಹೇಳುತ್ತದೆ. ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಉಯಿಲು ಬರೆಯಿರಿ. ಅನುಕೂಲವಿದ್ದವರು 1882ರ ಕಾಯಿದೆಯಂತೆ ಖಾಸಗಿ ಟ್ರಸ್ಟ್ ಮಾಡಿ, ಹಣ ಮಗುವಿಗಾಗಿಯೇ ಖರ್ಚಾಗುವಂತೆ ಕಟ್ಟುಪಾಡು ಹಾಕಬಹುದು. ಟ್ರಸ್ಟಿಗಳಲ್ಲಿ ಮನೆಯವರೊಬ್ಬರು, ಹೊರಗಿನ ನಂಬಿಕಸ್ಥರೊಬ್ಬರು ಇರಲಿ. ಬ್ಯಾಂಕ್ ಠೇವಣಿಯ ನಾಮಿನಿ ಹಣ ಪಡೆಯುವವರಷ್ಟೇ, ಒಡೆಯರಲ್ಲ ಎಂಬುದನ್ನು ಮರೆಯಬೇಡಿ.

ನೀವು ಕೇಂದ್ರ ಸರ್ಕಾರದ ಹಳೆಯ ಪಿಂಚಣಿ ಪದ್ಧತಿಗೆ ಸೇರಿದವರಾದರೆ, ದುಡಿದು ಬದುಕಲಾಗದ ಅಂಗವಿಕಲ ಮಗುವಿಗೆ ಜೀವನಪರ್ಯಂತ ಕುಟುಂಬ ಪಿಂಚಣಿ ಸಿಗಲು ನಿಯಮಗಳಲ್ಲಿ ಅವಕಾಶವಿದೆ. ನೀವಿರುವಾಗಲೇ ದಾಖಲೆಗಳಲ್ಲಿ ಹೆಸರು ಸೇರಿಸಿಡಿ.

ಒಂದು ನೋಟ್‌ಬುಕ್

ಹಣದಷ್ಟೇ ಮುಖ್ಯವಾದುದು ಮಾಹಿತಿ. ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಯಾವುದು ಒಗ್ಗದು, ಫಿಟ್ಸ್ ಬಂದರೆ ಏನು ಮಾಡಬೇಕು, ರೇಗಿದಾಗ ಯಾವುದು ಸಮಾಧಾನ ಕೊಡುತ್ತದೆ ಎಂಬುದೆಲ್ಲ ಈಗ ತಾಯಿಯೊಬ್ಬಳಿಗೇ ಗೊತ್ತಿರುತ್ತದೆ. ಅದನ್ನು ಬರೆದಿಡಿ, ಅಂಗವಿಕಲತೆಯ ಪ್ರಮಾಣಪತ್ರದ ಪ್ರತಿಯನ್ನೂ ಜೊತೆಗಿಡಿ.

ಕೊನೆಯದಾಗಿ, ಉಳಿದ ಮಕ್ಕಳನ್ನು ಕೂರಿಸಿಕೊಂಡು ಯಾರು ಎಷ್ಟು ಹೊರಬಲ್ಲರೆಂದು ಮನಬಿಚ್ಚಿ ಕೇಳಿ. ಒಲ್ಲೆ ಎಂದವರ ಮೇಲೆ ಮುನಿಸು ಬೇಡ. ಆ ಮಾತುಕತೆಯಲ್ಲಿ ಈ ಮಗುವೂ ಕೂತಿರಲಿ. ಎಲ್ಲಿರಲು ಇಷ್ಟ, ಯಾರೊಂದಿಗೆ ಇಷ್ಟ ಎಂಬುದನ್ನು ತನ್ನದೇ ರೀತಿಯಲ್ಲಿ ಹೇಳಬಲ್ಲದು.