ಕಾಣದ ಗಾಯ

2020ನೆಯ ಇಸವಿ ಜನವರಿ 8ರಲ್ಲಿ ಇರಾಕ್ ದೇಶದ ಅಲ್ ಅಸಾದ್ ವಿಮಾನ ನೆಲೆಯ ಮೇಲೆ ಇರಾನಿನ ಕ್ಷಿಪಣಿಗಳು ಬಿದ್ದವು. ಅಲ್ಲಿದ್ದ ಅಮೆರಿಕದ ಸಿಪಾಯಿಗಳಲ್ಲಿ ಯಾರಿಗೂ ಗಾಯವಾಗಲಿಲ್ಲವೆಂದು ಮೊದಲು ಹೇಳಲ್ಪಟ್ಟಿತು. ತರುವಾಯ 100ಕ್ಕಿಂತ ಹೆಚ್ಚು ಮಂದಿಯ ಮಿದುಳಿಗೆ ಪೆಟ್ಟು ತಗಲಿದ್ದು ತಿಳಿದುಬಂತು. ಯಾಕಂದರೆ ಸ್ಫೋಟದ ರಭಸವು ಚರ್ಮವನ್ನು ಹರಿಯದೆ ಮಿದುಳನ್ನು ಕೆಡಿಸಬಲ್ಲದು.

ಇಂಥ ಪೆಟ್ಟು ತಿಂದವರಲ್ಲಿ ಅನೇಕರು ಕೆಲವು ವಾರಗಳಲ್ಲಿ ಗುಣಹೊಂದುವರು. ಕೆಲವರಿಗೋ ತಲೆನೋವು, ಮರೆವು, ನಿದ್ರೆಗೇಡು, ಸಿಟ್ಟು ಇವು ಬಹುಕಾಲ ಬಿಡವು. ಮನೆಗೆ ಬಂದವನನ್ನು ನೋಡಿ ಹೆಂಡತಿಯು, "ಇವರು ಮೊದಲಿನಂತಿಲ್ಲ" ಎಂದು ಅಳುವಳು. ಮಕ್ಕಳು ತಂದೆಗೆ ಅಂಜುವರು.

ಹೀಗಿರಲಾಗಿ ನಾವು ಕಲಿಯತಕ್ಕದ್ದೇನಂದರೆ: ಇದು ದುರ್ಗುಣವೂ ಅಲ್ಲ, ದೆವ್ವದ ಕಾಟವೂ ಅಲ್ಲ, ಗಾಯವೇ. ವೈದ್ಯರಿಗೆ ತೋರಿಸಬೇಕು, ಮದ್ಯವನ್ನು ದೂರವಿಡಬೇಕು, ತಲೆಗೆ ಮತ್ತೆ ಪೆಟ್ಟು ತಗಲದಂತೆ ಕಾಯಬೇಕು, ಮಾತುಗಳನ್ನು ಒಂದೊಂದಾಗಿ, ನಿಧಾನವಾಗಿ ಹೇಳಬೇಕು. ಆರೈಕೆಮಾಡಿ ದಣಿದ ಹೆಂಡತಿಯ ಭಾರವನ್ನು ನೆರೆಯವರೂ ಹೊರಬೇಕು.