ಕಡಲಿನ ಕಿವಿಗಳು

ತುಂಬಿದ ಬಾವಿಯಲ್ಲಿ ಈಜು ಕಲಿತವರಿಗೆ ಈ ಅನುಭವ ಹೊಸದಲ್ಲ. ತಲೆಯನ್ನು ಪೂರ್ತಿಯಾಗಿ ನೀರಿನೊಳಗೆ ಮುಳುಗಿಸಿದೊಡನೆ ದಡದ ಮಾತು, ಹಕ್ಕಿಗಳ ಕೂಗು ಎಲ್ಲವೂ ಅಡಗಿಹೋಗುತ್ತವೆ. ಆದರೆ ಜೊತೆಗಾರನೊಬ್ಬ ನೀರಿನೊಳಗೇ ಎರಡು ಕಲ್ಲುಗಳನ್ನು ಒಂದಕ್ಕೊಂದು ತಟ್ಟಿದರೆ, ಆ ಸದ್ದು ನಮ್ಮ ತಲೆಯೊಳಗೇ ಹುಟ್ಟಿತೋ ಎಂಬಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ಅದು ಎಡದಿಂದ ಬಂದಿತೋ ಬಲದಿಂದ ಬಂದಿತೋ ಎಂಬುದು ಮಾತ್ರ ತಿಳಿಯುವುದಿಲ್ಲ. ಗಾಳಿಗೆ ಹೊಂದಿಕೊಂಡ ನಮ್ಮ ಕಿವಿ ನೀರಿನಲ್ಲಿ ದಿಕ್ಕು ತಪ್ಪುತ್ತದೆ. ಹಾಗಾದರೆ ಕಡಲನ್ನೇ ಮನೆ ಮಾಡಿಕೊಂಡಿರುವ ಜೀವಿಗಳಿಗೆ ಏನು ಕೇಳಿಸುತ್ತದೆ? ಮಾತು ಬಾರದ ಆ ಪ್ರಾಣಿಗಳಿಂದ ಉತ್ತರವನ್ನು ಪಡೆಯುವುದಾದರೂ ಹೇಗೆ?

ಮೊದಲು ನೀರಿನ ಗುಣವನ್ನು ತಿಳಿಯೋಣ. 1826ರಲ್ಲಿ ಕೊಲಾಡಾನ್ ಮತ್ತು ಸ್ಟರ್ಮ್ ಎಂಬ ಇಬ್ಬರು ವಿಜ್ಞಾನಿಗಳು ಜಿನೀವಾ ಸರೋವರದಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಒಂದು ದೋಣಿಯಿಂದ ನೀರಿನೊಳಗೆ ಇಳಿಬಿಟ್ಟ ಗಂಟೆಯನ್ನು ಬಾರಿಸಿದ ಕ್ಷಣವೇ ದೋಣಿಯ ಮೇಲೆ ಮದ್ದಿನ ಪುಡಿಗೆ ಕಿಡಿ ತಾಗುತ್ತಿತ್ತು. ಸುಮಾರು 13 ಕಿಲೋಮೀಟರು ದೂರದ ಇನ್ನೊಂದು ದೋಣಿಯಲ್ಲಿದ್ದವರು ಬೆಳಕನ್ನು ಕಂಡ ಮೇಲೆ, ನೀರಿನಲ್ಲಿ ಅದ್ದಿದ ಕೊಳವೆಯ ಮೂಲಕ ಗಂಟೆಯ ನಾದ ಕೇಳಿಸುವವರೆಗಿನ ಕಾಲವನ್ನು ಅಳೆದರು. ನೀರಿನಲ್ಲಿ ಶಬ್ದವು ಸೆಕೆಂಡಿಗೆ 1435 ಮೀಟರು ದೂರ ಸಾಗುವುದೆಂದು ತಿಳಿಯಿತು. ಗಾಳಿಯಲ್ಲಿ ಅದರ ವೇಗ ಸುಮಾರು 340 ಮೀಟರು ಮಾತ್ರ. ಹೀಗೆ ನಾಲ್ಕು ಪಟ್ಟಿಗೂ ಮಿಗಿಲಾದ ವೇಗದಿಂದ ಬರುವ ಸದ್ದು ನಮ್ಮ ಎರಡು ಕಿವಿಗಳನ್ನೂ ಬಹುಮಟ್ಟಿಗೆ ಒಂದೇ ಕಾಲಕ್ಕೆ ಮುಟ್ಟುವುದರಿಂದಲೇ ಬಾವಿಯಲ್ಲಿ ನಮಗೆ ದಿಕ್ಕು ತಿಳಿಯದು. ಸೂರ್ಯನ ಬೆಳಕು ಕಡಲಿನಲ್ಲಿ ಕೆಲವು ನೂರು ಮೀಟರು ಇಳಿಯುವಷ್ಟರಲ್ಲಿ ಮಂಕಾಗುತ್ತದೆ. ಶಬ್ದವಾದರೋ ಹಲವು ಕಿಲೋಮೀಟರು ಸಾಗಬಲ್ಲದು. ಆದುದರಿಂದ ಕಡಲಿನ ಎಷ್ಟೋ ಜೀವಿಗಳಿಗೆ ಕಣ್ಣಿನ ಕೆಲಸವನ್ನು ಕಿವಿಯೇ ಮಾಡಬೇಕಾಗಿದೆ.

ಮೀನಿಗೆ ಹೊರಗಿವಿಯಿಲ್ಲ. ಆದುದರಿಂದ ಅದು ಕಿವುಡೆಂದು ಹಲವರು ನಂಬಿದ್ದರು. ಈ ನಂಬಿಕೆಯನ್ನು ಕಾರ್ಲ್ ಫಾನ್ ಫ್ರಿಶ್ ಎಂಬ ಆಸ್ಟ್ರಿಯಾದ ವಿಜ್ಞಾನಿ ಒಂದು ಸಿಳ್ಳೆಯಿಂದ ಅಲುಗಾಡಿಸಿದರು. ಅವರ ತೊಟ್ಟಿಯಲ್ಲಿ ಸಿಹಿನೀರಿನ ಒಂದು ಕುರುಡು ಮೀನಿತ್ತು. ಅದು ಸದಾ ಒಂದು ಕೊಳವೆಯೊಳಗೆ ಅಡಗಿರುತ್ತಿತ್ತು. ಪ್ರತಿ ಬಾರಿಯೂ ಸಿಳ್ಳೆ ಹಾಕಿದ ಮೇಲೆಯೇ ಅವರು ಅದಕ್ಕೆ ಆಹಾರವನ್ನು ಕೊಡುತ್ತಿದ್ದರು. ಕೆಲವು ದಿನಗಳಲ್ಲಿ ಬರಿಯ ಸಿಳ್ಳೆ ಕೇಳಿದರೂ ಮೀನು ಹೊರಗೆ ಬರತೊಡಗಿತು! 1923ರಲ್ಲಿ ಅವರು ಈ ಸಂಗತಿಯನ್ನು ಪ್ರಕಟಿಸಿದರು. ಮೀನಿನ ತಲೆಯೊಳಗೆ ಒಳಗಿವಿಯುಂಟು. ಅದರಲ್ಲಿ ಬಿಳಿಯ ಪುಟ್ಟ ಕಲ್ಲುಗಳುಂಟು. ಶಬ್ದದ ಅಲೆಗೆ ಮೀನಿನ ದೇಹವು ನೀರಿನೊಡನೆಯೇ ಅದುರುತ್ತದೆ. ಭಾರವಾದ ಆ ಕಲ್ಲುಗಳು ತುಸು ಹಿಂದುಳಿಯುತ್ತವೆ. ಆಗ ಅವುಗಳ ಬಳಿಯಿರುವ ಸೂಕ್ಷ್ಮ ರೋಮಗಳು ಬಾಗಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಕಡಲಿನ ಮೀನುಗಳಲ್ಲಿಯೂ ಇದೇ ಬಗೆಯ ಏರ್ಪಾಡಿದೆ.

ಡಾಲ್ಫಿನ್ ಮೀನಲ್ಲ; ಮರಿಗೆ ಹಾಲೂಡಿಸುವ ಸಸ್ತನಿ. 1960ರ ಸುಮಾರಿಗೆ ಅಮೆರಿಕದ ವಿಜ್ಞಾನಿ ಕೆನೆತ್ ನಾರಿಸ್ ಅವರು ಡಾಲ್ಫಿನ್ನಿನ ಕಣ್ಣುಗಳನ್ನು ರಬ್ಬರಿನ ಬಟ್ಟಲುಗಳಿಂದ ಮುಚ್ಚಿ ನೋಡಿದರು. ಆದರೂ ಅದು ಅಡೆತಡೆಗಳಿಗೆ ತಾಗದೆ ಈಜಿತು. ತಾನೇ ಸೂಕ್ಷ್ಮವಾದ ಸದ್ದುಗಳನ್ನು ಹೊರಡಿಸಿ, ಮರಳಿ ಬರುವ ಮಾರ್ದನಿಯಿಂದ ಎದುರಿಗಿರುವುದನ್ನು ಅರಿಯುವುದು ಅದರ ಜಾಣ್ಮೆ. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗಿನ ಧ್ವನಿಯನ್ನು ಕೇಳಿದರೆ, ಡಾಲ್ಫಿನ್ ಸುಮಾರು 1,50,000 ಕಂಪನಗಳ ಧ್ವನಿಯನ್ನೂ ಕೇಳಬಲ್ಲದು. ಆ ಧ್ವನಿಯನ್ನು ಒಳಗಿವಿಗೆ ಒಯ್ಯುವುದು ಅದರ ಕೆಳದವಡೆಯಲ್ಲಿರುವ ಕೊಬ್ಬು!

ಇನ್ನು ಕಡಲಹಕ್ಕಿಗಳನ್ನು ನೋಡೋಣ. ಹಿಂದೂ ಮಹಾಸಾಗರದ ದಕ್ಷಿಣದಲ್ಲಿರುವ ಕ್ರೋಜೆ ದ್ವೀಪಗಳಲ್ಲಿ ರಾಜ ಪೆಂಗ್ವಿನ್ನುಗಳು ಸಾವಿರಾರು ಸಂಖ್ಯೆಯಲ್ಲಿ ನೆರೆಯುತ್ತವೆ. ಅವುಗಳಿಗೆ ಗೂಡಿಲ್ಲ. ಆಹಾರ ತರಲು ಕಡಲಿಗೆ ಹೋದ ತಾಯಿಯೋ ತಂದೆಯೋ ಮರಳಿ ಬಂದು ಕೂಗಿದಾಗ, ಆ ಗದ್ದಲದ ನಡುವೆ ಮರಿಯು ತನ್ನವರ ದನಿಯನ್ನು ಗುರುತಿಸಬೇಕು. ತಪ್ಪಿದರೆ ಉಪವಾಸವೇ ಗತಿ. ಫ್ರಾನ್ಸಿನ ವಿಜ್ಞಾನಿಗಳು ಹಿರಿಯ ಹಕ್ಕಿಗಳ ಕೂಗನ್ನು ಮುದ್ರಿಸಿಕೊಂಡು ಮರಿಗಳಿಗೆ ಕೇಳಿಸಿದರು. ಸುತ್ತಣ ಗದ್ದಲಕ್ಕಿಂತ ಆ ಕೂಗು ಮೆಲ್ಲಗಿದ್ದರೂ ಮರಿಗಳು ತಮ್ಮವರನ್ನು ಗುರುತಿಸಿದುವೆಂದು 1998ರಲ್ಲಿ ಪ್ರಕಟಿಸಿದರು.

ಹಕ್ಕಿಗಳು ಮುಳುಗಿದಾಗಲೂ ಕೇಳುತ್ತವೆಯೆ? ನಮ್ಮ ರಂಗನತಿಟ್ಟಿನಲ್ಲಿಯೂ ಕಾಣಸಿಗುವ ದೊಡ್ಡ ನೀರುಕಾಗೆಯ ಜಾತಿಯ ಹಕ್ಕಿಯೊಂದನ್ನು ಡೆನ್ಮಾರ್ಕಿನ ವಿಜ್ಞಾನಿಗಳು ಪಳಗಿಸಿ, ನೀರಿನಡಿಯ ಸದ್ದು ಅದಕ್ಕೆ ಕೇಳಿಸುವುದೆಂಬುದನ್ನು 2017ರಲ್ಲಿ ತೋರಿಸಿಕೊಟ್ಟರು. 2020ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಕೊಳದೊಳಗೆ ಈಜುತ್ತಿದ್ದ 7 ಜೆಂಟೂ ಪೆಂಗ್ವಿನ್ನುಗಳಿಗೆ ಸದ್ದನ್ನು ಕೇಳಿಸಲಾಯಿತು. ಸದ್ದು ಜೋರಾದಂತೆ ಅವು ಬೆಚ್ಚುವುದೂ ಹೆಚ್ಚಾಯಿತು.

ಈ ಬೆಚ್ಚುವಿಕೆ ನಮ್ಮನ್ನು ಚಿಂತೆಗೆ ಹಚ್ಚಬೇಕು. ಇಂದು ಕಡಲಿನಲ್ಲಿ ದೊಡ್ಡ ಹಡಗುಗಳ ಮೊರೆತ ಎಡೆಬಿಡದೆ ಹರಡಿದೆ. 2000ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಬಹಾಮಾ ದ್ವೀಪಗಳ ದಡದಲ್ಲಿ ತಿಮಿಂಗಿಲ ವರ್ಗದ 17 ಪ್ರಾಣಿಗಳು ಸಿಕ್ಕಿಬಿದ್ದವು, ಕೆಲವು ಸತ್ತವು. ನೌಕಾಪಡೆಯ ಹಡಗುಗಳು ಬಳಸಿದ ಸೋನಾರ್ ಯಂತ್ರದ ಸದ್ದೇ ಇದಕ್ಕೆ ಕಾರಣವಾಗಿರಬೇಕೆಂದು ಅಮೆರಿಕ ಸರ್ಕಾರದ ತನಿಖೆಯೇ ತಿಳಿಸಿತು.

ಇದಕ್ಕೆ ಪ್ರತಿಯಾದ ಒಂದು ಸಂಗತಿಯೂ ಉಂಟು. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಭೀಕರ ದಾಳಿ ನಡೆದ ಬಳಿಕ, ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ಕೆಲವು ದಿನ ಕಡಿಮೆಯಾಯಿತು. ಕಡಲಿನೊಳಗಣ ಗದ್ದಲ 6 ಡೆಸಿಬೆಲ್‌ಗಳಷ್ಟು ಇಳಿಯಿತು. ಅಲ್ಲಿನ ರೈಟ್ ತಿಮಿಂಗಿಲಗಳ ಮಲವನ್ನು ಸಂಗ್ರಹಿಸಿ ಪರೀಕ್ಷಿಸುತ್ತಿದ್ದ ವಿಜ್ಞಾನಿಗಳಿಗೆ, ದೇಹದ ಬಳಲಿಕೆಯನ್ನೂ ಉದ್ವೇಗವನ್ನೂ ಸೂಚಿಸುವ ಹಾರ್ಮೋನು ಆ ದಿನಗಳಲ್ಲಿ ಕಡಿಮೆಯಾದುದು ಕಂಡಿತು. ಮುಂದಿನ ವರ್ಷಗಳ ಅದೇ ದಿನಗಳಲ್ಲಿ ಅಂತಹ ಇಳಿಕೆ ಕಾಣಲಿಲ್ಲ. 2012ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಮನುಷ್ಯಲೋಕವು ದುಃಖದಲ್ಲಿ ಮುಳುಗಿದ್ದಾಗ, ತಿಮಿಂಗಿಲಗಳಿಗೆ ಅರಿಯದೆಯೇ ಒಂದಿಷ್ಟು ನೆಮ್ಮದಿ ದೊರೆತಿತ್ತು.

ಸಿಳ್ಳೆಗೆ ಹೊರಬಂದ ಮೀನು, ದನಿಗೆ ಓಗೊಟ್ಟ ಮರಿ, ಸದ್ದಡಗಿದಾಗ ಹಗುರಾದ ತಿಮಿಂಗಿಲ ಇವೆಲ್ಲವೂ ತಮ್ಮದೇ ರೀತಿಯಲ್ಲಿ ನಮಗೆ ಉತ್ತರ ಕೊಟ್ಟಿವೆ. ಪ್ರಾಣಿಗೆ ಅರ್ಥವಾಗುವಂತೆ ಪ್ರಶ್ನೆಯನ್ನು ಕೇಳುವುದು ಮತ್ತು ಉತ್ತರಕ್ಕಾಗಿ ತಾಳ್ಮೆಯಿಂದ ಕಾಯುವುದು ವಿಜ್ಞಾನಿಯ ಕೆಲಸ. ಆ ಉತ್ತರವನ್ನು ಕೇಳಿ ತಿಳಿದ ಮೇಲೆ, ನೆರೆಮನೆಯಲ್ಲಿ ಮಗು ಮಲಗಿರುವಾಗ ನಾವು ದನಿ ತಗ್ಗಿಸುವಂತೆ, ಕಡಲಿನಲ್ಲಿಯೂ ದನಿ ತಗ್ಗಿಸುವುದನ್ನು ಕಲಿಯುವುದು ನಮ್ಮೆಲ್ಲರ ಹೊಣೆ.